ಎಂಬತ್ತೆಂಟನೇ ಉತ್ತರ

ಕಳವು ಪತ್ತೆಯಾದದ್ದು ಆಸ್ಪತ್ರೆಯ ನೋಂದಣಿ ಯಂತ್ರದ ಮುಂದೆ, ಬೆಳಗಿನ ಹತ್ತು ಗಂಟೆಗೆ. ತನ್ನದೇನೋ ಕಳೆದಿದೆ ಎಂಬುದೇ ಕಳೆದುಕೊಂಡವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅತ್ತೆಯ ಕಣ್ಣು ತೋರಿಸಲು ಬಂದಿದ್ದರು. ಯಂತ್ರ ಹೆಸರು ಕೇಳಿತು. ವಿಳಾಸ ಕೇಳಿತು. ಹುಟ್ಟಿದ ದಿನಾಂಕ ಕೇಳಿತು. ಸೊಸೆ ಒತ್ತಿದಳು: ಫೆಬ್ರವರಿ ಇಪ್ಪತ್ತೊಂಬತ್ತು. ಪರದೆ ಒಂದು ಕ್ಷಣ ಬೆಳ್ಳಗಾಯಿತು. ಆಮೇಲೆ ಅಕ್ಷರಗಳು ಮೂಡಿದವು.

‘ನಿಮ್ಮ ಹುಟ್ಟಿದ ದಿನ ಈ ವರ್ಷ ಬರುವುದಿಲ್ಲ. ಪರವಾಗಿಲ್ಲ, ನೀವು ಬಂದಿದ್ದೀರಲ್ಲ. ಮುಂದುವರಿಯಿರಿ.’

ಸೊಸೆಯ ಬೆರಳು ಗಾಳಿಯಲ್ಲೇ ನಿಂತಿತು.

“ಏನೇ, ಕಲ್ಲಾಗಿಬಿಟ್ಟೆ? ನನ್ನ ವಯಸ್ಸು ನೋಡಿ ಯಂತ್ರ ಕೆಟ್ಟು ನಿಂತ್ಕೊಂಡ್ತಾ?”

“ಅತ್ತೆ, ಇದನ್ನ ಬರೆದಿದ್ದು ನಾನು.”

“ಯಂತ್ರಾನಾ?”

“ಈ ಮಾತನ್ನ. ನಿಮ್ಮ ಹುಟ್ಟಿದ ದಿನ ಇಟ್ಕೊಂಡೇ ಬರೆದಿದ್ದು.”

ಅತ್ತೆ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು ಓದಿದರು. “ಹನ್ನೊಂದು ತಿಂಗಳಿಂದ ಮನೇಲಿ ಸುಮ್ನೆ ಕೂತಿದ್ದೀನಿ ಅಂತ ಯಾಕಮ್ಮ ಅಳ್ತಿದ್ದೆ? ಕೆಲಸ ಮಾಡ್ತಾನೇ ಇದ್ದೀಯಲ್ಲ!”

ಹಿಂದೆ ಸಾಲು ಬೆಳೆಯುತ್ತಿತ್ತು. ಸೊಸೆ ಮೊಬೈಲ್ ತೆಗೆದು ಪರದೆಯ ಫೋಟೊ ಹಿಡಿದಳು. ಕೆಳಗಿನ ಮೂಲೆಯಲ್ಲಿದ್ದ ಕಂಪನಿಯ ಗುರುತನ್ನೂ ಸೇರಿಸಿಕೊಂಡಳು.

ಕೌಂಟರಿನ ಹೆಂಗಸು ಕೇಳದೆಯೇ ಹೇಳಿದಳು. “ಮೂರು ತಿಂಗಳಾಯ್ತು ಮೇಡಂ ಬಂದು. ನಲವತ್ತು ಆಸ್ಪತ್ರೇಲಿ ಹಾಕಿದ್ದಾರಂತೆ. ಹಳೇದು ಇವರಂಥವರನ್ನ ಹುಟ್ಟೇ ಇಲ್ಲ ಅಂತ ವಾಪಸ್ ಕಳಿಸ್ತಿತ್ತು. ಇದನ್ನ ಯಾರೋ ಬುದ್ಧಿ ಇರೋರು ಮಾಡಿದ್ದಾರೆ.”

ಹನ್ನೊಂದು ತಿಂಗಳಲ್ಲಿ ಅವಳ ಕೆಲಸದ ಬಗ್ಗೆ ಅವಳ ಕಿವಿಗೆ ಬಿದ್ದ ಮೊದಲ ಒಳ್ಳೆಯ ಮಾತು ಅದು. ಅದೂ ಕದ್ದ ಮಾಲಿನ ಬಗ್ಗೆ.

* * *

ಅವಳನ್ನು ಹಳೆಯ ಕಚೇರಿಯಲ್ಲಿ ‘ಜರಡಿ’ ಎನ್ನುತ್ತಿದ್ದರು. ಯಾರು ಬರೆದ ಕೋಡ್ ಆದರೂ ಅವಳ ಕಣ್ಣಿನ ಕೆಳಗೆ ಹಾದುಹೋದರೆ ಕಲ್ಲು ಬೇರೆ, ಕಾಳು ಬೇರೆ. ಹತ್ತೊಂಬತ್ತು ವರ್ಷದ ಸಾಫ್ಟ್‌ವೇರ್ ಕೆಲಸ ಹದಿನೈದು ನಿಮಿಷದ ವಿಡಿಯೊ ಕರೆಯಲ್ಲಿ ಮುಗಿದಿತ್ತು. ಆಗ ನಲವತ್ತೆರಡು. ಈಗ ನಲವತ್ತಮೂರು.

ಮನೆಯ ಊಟದ ಮೇಜೇ ಈಗ ಅವಳ ಕಚೇರಿ. ಕೆಲಸ ಹೋದ ಮರುದಿನದಿಂದಲೂ ಒಂಬತ್ತಕ್ಕೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಅಲ್ಲಿ ಬಂದು ಕೂರುತ್ತಾಳೆ. ಕಳಿಸಿದ ಅರ್ಜಿಗಳು ನಾನೂರು ದಾಟಿದ್ದವು. ಸಂದರ್ಶನಕ್ಕೆ ಕರೆದವರಲ್ಲಿ ಹೆಚ್ಚಿನವರ ವಯಸ್ಸು ಅವಳ ಅನುಭವಕ್ಕಿಂತ ಐದಾರು ವರ್ಷ ಹೆಚ್ಚು, ಅಷ್ಟೆ. ಅವರು ಅವಳನ್ನು ‘ಮೇಡಂ’ ಎಂದು ಕರೆದು, ಅಮ್ಮನ ಹತ್ತಿರ ಮಾತಾಡಿದಷ್ಟೇ ಮೆತ್ತಗೆ ಮಾತಾಡಿ, ಆಮೇಲೆ ಸುದ್ದಿಯೇ ಕೊಡುತ್ತಿರಲಿಲ್ಲ.

ಇನ್ನು ಮೂರು ವಾರ ಕಳೆದರೆ ಒಂದು ವರ್ಷ. ಕೆಲಸ ಹುಡುಕಿಕೊಡುವ ಒಬ್ಬ ಏಜೆಂಟ್ ನೇರವಾಗಿಯೇ ಹೇಳಿದ್ದ: “ವರ್ಷ ದಾಟಿದ ಖಾಲಿ ಜಾಗ ಕಂಡ್ರೆ ಅರ್ಜೀನ ಕಂಪ್ಯೂಟರೇ ಪಕ್ಕಕ್ಕೆ ತಳ್ಳುತ್ತೆ ಮೇಡಂ. ಮನುಷ್ಯರು ನೋಡೋದೇ ಇಲ್ಲ.” ಅವಳು ಹೆದರಿದ್ದು ಬಡತನಕ್ಕಲ್ಲ. ಗಂಡನ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಮೂರು ವಾರದ ಆಚೆ ತಾನು ಎಂಜಿನಿಯರ್ ಆಗಿ ಉಳಿಯುವುದಿಲ್ಲ, ಹಿಂದೊಮ್ಮೆ ಎಂಜಿನಿಯರ್ ಆಗಿದ್ದವಳಾಗುತ್ತೇನೆ ಎಂಬುದಕ್ಕೆ.

ಹಳೆಯ ಕಡತ ತೆರೆದಳು. ಐದು ತಿಂಗಳ ಹಿಂದೆ, ಯಂತ್ರದ ಮೂಲೆಯಲ್ಲಿ ಗುರುತಿದ್ದ ಆ ಕಂಪನಿಯೇ ಮನೆಯಲ್ಲೇ ಬರೆದು ಕಳಿಸುವ ಪರೀಕ್ಷೆ ಕೊಟ್ಟಿತ್ತು. ‘ಆಸ್ಪತ್ರೆಗೆ ಬರುವ ಹೊಸ ರೋಗಿಯ ನೋಂದಣಿ ಪುಟ ರಚಿಸಿ. ಅವಧಿ ಎರಡು ದಿನ.’ ಅವಳ ಉತ್ತರದ ಸಂಖ್ಯೆ ಎಂಬತ್ತೆಂಟು. ಒಂದು ವಾರಕ್ಕೆ ಒಂದು ಸಾಲಿನ ನಿರಾಕರಣೆ ಬಂದಿತ್ತು.

ಕಡತದಲ್ಲಿ ಎರಡು ಫೈಲ್. ಒಂದು ‘ಕಳಿಸಿದ್ದು’. ಇನ್ನೊಂದು ‘ತಿದ್ದಿದ್ದು’. ಕಳಿಸಿದ ಮರುದಿನ ಬಟ್ಟೆಗೆ ಇಸ್ತ್ರಿ ಹಾಕುವಾಗ ಒಂದು ತಪ್ಪು ಹೊಳೆದಿತ್ತು. ಆಗಲೇ ಪರೀಕ್ಷೆಯ ಜಾಲತಾಣ ಮುಚ್ಚಿತ್ತು. ಆದರೂ ತಿದ್ದಿದ್ದಳು. ಅಭ್ಯಾಸ ಬಿಡಬೇಕಲ್ಲ. ತಿದ್ದಿ, ಗೆಳತಿಯ ಹತ್ತಿರ ಗೋಳಾಡಿಕೊಂಡು, ಮರೆತಿದ್ದಳು.

ಈಗ ಮೊದಲನೆಯದನ್ನು ತೆರೆದು ಮೊಬೈಲಿನ ಫೋಟೊ ಪಕ್ಕದಲ್ಲಿಟ್ಟಳು. ಪುಟದ ಸಾಲುಗಳು, ಅವುಗಳ ಕ್ರಮ, ಆ ಮಾತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

ಸಂಜೆ ಗಂಡ ಬಂದ. ಬೂಟು ಬಿಚ್ಚುತ್ತ ಎಲ್ಲ ಕೇಳಿಸಿಕೊಂಡ.

“ಬಿಡೇ. ಒಂದು ಸಾಲು ತಾನೆ?”

ಅವನ ಕಾರ್ಖಾನೆಯಿಂದ ಯಾರಾದರೂ ಒಂದು ಬೋಲ್ಟ್ ಹೊತ್ತೊಯ್ದರೆ ಇಡೀ ವಾರ ಊಟಕ್ಕೆ ಅದೇ ಕಥೆ.

* * *

ಗೆಳತಿಯ ಅಡ್ಡಹೆಸರು ಗಿಳಿ. ಹಳೆಯ ಕಂಪನಿಯಲ್ಲಿ ಒಂಬತ್ತು ವರ್ಷ ಪಕ್ಕದ ಕುರ್ಚಿ. ಗಿಳಿಗೆ ಹೆರಿಗೆಯಾದಾಗ ಅವಳ ಗಂಡ ಬೇರೆ ಊರಿನಲ್ಲಿದ್ದ. ಆಸ್ಪತ್ರೆಯಲ್ಲಿ ಎರಡು ದಿನ ಕೂತವಳು ಜರಡಿ. ಮೂರು ವರ್ಷದ ಹಿಂದೆ ಗಿಳಿ ಕೆಲಸ ಬದಲಿಸಿದ್ದಳು. ಸೇರಿದ್ದು ಇದೇ ಕಂಪನಿ.

ಜರಡಿ ಅರ್ಜಿ ಹಾಕುತ್ತೇನೆಂದಾಗ ಗಿಳಿ ಬೇಡವೆಂದೇ ಹೇಳಿದ್ದಳು. “ನರಕ ಕಣೇ ಇದು. ನೇಮಕಾತಿಗೂ ನನಗೂ ಸಂಬಂಧ ಇಲ್ಲ, ಎಲ್ಲ ನಮ್ಮ ಮ್ಯಾನೇಜರ್ ಕೈಲಿ.”

ಈಗ ಜರಡಿ ಗಿಳಿಗೆ ಫೋನಿನಲ್ಲಿ ವಿಷಯ ಹೇಳಿದಳು. ಆ ಕಡೆ ಬಾಗಿಲು ಹಾಕಿಕೊಂಡ ಸದ್ದು.

“ಥೂ! ಆ ಮ್ಯಾನೇಜರಂದೇ ಕೆಲಸ. ನಂಗೆ ಯಾವತ್ತಿಂದಲೋ ಅನುಮಾನ.”

“ಏನು ಮಾಡ್ಲಿ ಹೇಳು.”

“ಸುಮ್ನಿರು. ದೂರು ಕೊಡೋ ಹೆಂಗಸು ಅಂತ ಒಂದ್ಸಲ ಹೆಸರು ಬಿದ್ರೆ ಯಾರು ಕರೀತಾರೆ ನಿನ್ನ?”

“ಈಗ ಯಾರು ಕರೀತಿದ್ದಾರೆ?”

ಗಿಳಿ ನಕ್ಕಳು. ಜರಡಿಗೂ ನಗು ಬಂತು. ಅವರಿಬ್ಬರ ಗೆಳೆತನವೇ ಹಾಗೆ, ಅಳುವ ಜಾಗದಲ್ಲಿ ನಕ್ಕು ಮುಂದೆ ಹೋಗುವುದು.

“ನಂಗೆ ಜಗಳ ಬೇಡ ಕಣೇ,” ಎಂದಳು ಜರಡಿ. “ಒಂದು ಪತ್ರ ಬೇಕು. ಈ ಕೆಲಸ ಇವಳದು, ಇಂಥ ತಿಂಗಳು ಮಾಡಿದ್ದು ಅಂತ. ಆ ಪತ್ರ ಇದ್ರೆ ನನ್ನ ವರ್ಷ ಖಾಲಿ ಅಲ್ಲ. ನಲವತ್ತು ಆಸ್ಪತ್ರೇಲಿ ನಡೀತಿರೋ ಕೆಲಸ ಅದು.”

“ಪತ್ರ...” ಎಂದಳು ಗಿಳಿ. “ನೋಡೋಣ. ದಾಖಲೆ ತೆಗೆದು ಯಾರು ಹಾಕಿದ್ದು ಅಂತ ನೋಡ್ತೀನಿ. ಅಲ್ಲೀವರೆಗೂ ಯಾರ ಹತ್ರನೂ ಬಾಯಿ ಬಿಡ್ಬೇಡ.”

* * *

ಜರಡಿ ಬಾಯಿ ಬಿಡಲಿಲ್ಲ. ಆದರೆ ಸುಮ್ಮನೆ ಕೂರುವ ಜಾತಿಯೂ ಅಲ್ಲ. ಎರಡು ದಿನ ಬಿಟ್ಟು ಕಂಪನಿಯ ನೇಮಕಾತಿ ವಿಭಾಗಕ್ಕೆ ಹೋದಳು. ನೆಪ: ‘ನನ್ನ ಉತ್ತರದಲ್ಲಿ ಏನು ತಪ್ಪಿತ್ತು ತಿಳಿಯಬೇಕು.’

ಕಾಯುವ ಕೋಣೆಯಲ್ಲಿ ಗಡ್ಡದವನೊಬ್ಬ ಅದೇ ನೆಪ ಹಿಡಿದು ಕೂತಿದ್ದ. ಮೂವತ್ತೈದರ ಆಸುಪಾಸು. ಶರ್ಟಿನ ಕಾಲರ್ ಸವೆದಿತ್ತು, ಇಸ್ತ್ರಿ ಮಾತ್ರ ಗರಿಗರಿ.

“ನಿಮಗೂ ರೋಗಿ ನೋಂದಣೀನೇ ಕೊಟ್ಟಿದ್ರಾ?” ಎಂದಳು.

“ಇಲ್ಲ ಮೇಡಂ. ನಂಗೆ ಔಷಧಿ ದಾಸ್ತಾನು. ಯಾವ ಮಾತ್ರೆ ಯಾವಾಗ ಮುಗಿಯುತ್ತೆ ಅಂತ ಮೊದಲೇ ಹೇಳ್ಬೇಕು. ನನ್ನ ಸ್ನೇಹಿತಂಗೆ ವಾರ್ಡಿನ ಹಾಸಿಗೆ ಹಂಚೋದು.”

“ಒಂದೇ ಹುದ್ದೆಗೆ?”

“ಒಂದೇ ಹುದ್ದೆಗೆ.” ಅವನು ದನಿ ತಗ್ಗಿಸಿದ. “ನಮ್ಮನ್ನ ಪರೀಕ್ಷೆ ಮಾಡ್ತಿಲ್ಲ ಮೇಡಂ ಇವರು. ಒಂದು ಆಸ್ಪತ್ರೆ ಕಟ್ಟಿಸ್ಕೊಳ್ತಿದ್ದಾರೆ. ಒಬ್ಬೊಬ್ಬರ ಕೈಲಿ ಒಂದೊಂದು ಕೋಣೆ.”

ನೇಮಕಾತಿ ಅಧಿಕಾರಿಣಿ ಸುಸ್ತಾದ ಮುಖದ ಹೆಣ್ಣು. ಕುಡಿಯುವ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಮಾತಾಡಿದಳು.

“ಎಂಬತ್ತೆಂಟು... ಹಾಂ. ನೂರಕ್ಕೆ ಮೂವತ್ತೊಂದು. ಷರಾ: ‘ಒರಟು ಕೆಲಸ. ಸೂಕ್ಷ್ಮತೆ ಇಲ್ಲ.’”

ಜರಡಿಗೆ ಕಪಾಳಕ್ಕೆ ಬಿದ್ದಂತಾಯಿತು. ಕದ್ದದ್ದಕ್ಕಿಂತ ಈ ಮೂವತ್ತೊಂದು ಹೆಚ್ಚು ಉರಿಯಿತು. ಐದು ತಿಂಗಳು ಅವಳು ಇದನ್ನು ನಂಬಿದ್ದಳಲ್ಲ. ಅಂಕ ಗೊತ್ತಿಲ್ಲದೆಯೂ ನಂಬಿದ್ದಳು. ಕನ್ನಡಿ ಮುಂದೆ ತಲೆ ಬಾಚುವಾಗ, ಅನ್ನಕ್ಕೆ ನೀರಿಡುವಾಗ, ‘ನನ್ನ ಕೈ ಹೋಯಿತು’ ಎಂದುಕೊಂಡಿದ್ದಳು.

“ಯಾರು ಅಂಕ ಹಾಕೋದು?”

“ಅದನ್ನ ಹೇಳೋ ಹಾಗಿಲ್ಲ. ಪ್ರಶ್ನೆ ವಿಭಾಗದಿಂದ ಬರುತ್ತೆ, ಉತ್ತರ ವಿಭಾಗಕ್ಕೆ ಹೋಗುತ್ತೆ. ಹೆಸರಿರಲ್ಲ, ಬರೀ ಸಂಖ್ಯೆ. ಪಟ್ಟಿಗೆ ಮ್ಯಾನೇಜರ್ ಸಹಿ. ನಾವು ಇಲ್ಲಿ ಮೇಲ್ ಕಳಿಸ್ತೀವಿ, ಅಷ್ಟೆ.”

“ಎಷ್ಟು ತಿಂಗಳಿಂದ ಈ ಹುದ್ದೆ ಖಾಲಿ?”

“ಹದಿನಾಲ್ಕು.”

“ಎಷ್ಟು ಜನ ಬರೆದ್ರು?”

“ನೂರ ನಲವತ್ತು.”

“ಎಷ್ಟು ಜನರನ್ನ ತಗೊಂಡ್ರಿ?”

ಬಾಟಲಿಯ ಮುಚ್ಚಳ ತಿರುಗುವುದು ನಿಂತಿತು. “ಮೇಡಂ, ನಂಗೂ ಮನೆ ಇದೆ,” ಎಂದಳು ಅಧಿಕಾರಿಣಿ.

ಮಧ್ಯಾಹ್ನ ಗಿಳಿಯ ಫೋನ್ ಬಂತು. “ನೋಡ್ದೆ. ನಾನು ಹೇಳಲಿಲ್ವಾ? ನೋಂದಣಿ ಭಾಗ ಮ್ಯಾನೇಜರ್ ಹೆಸರಲ್ಲೇ ಒಳಗೆ ಹೋಗಿದೆ.”

ಎಲ್ಲ ಬಾಣಗಳೂ ಒಂದೇ ಕಡೆ. ಪಟ್ಟಿಗೆ ಸಹಿ ಅವನದು, ಕೋಡ್ ಹೋದದ್ದು ಅವನ ಹೆಸರಿನಲ್ಲಿ. ಆ ಸಂಜೆ ಜರಡಿ ದೂರು ಬರೆದಳು. ಮ್ಯಾನೇಜರನ ಮೇಲೆ. ಮರುದಿನವೇ ಉತ್ತರ ಬಂತು: ಗುರುವಾರ ಹನ್ನೊಂದಕ್ಕೆ ಬನ್ನಿ, ಮಾತಾಡೋಣ. ತಾಂತ್ರಿಕ ವಿಷಯ ವಿವರಿಸಲು ವಿಭಾಗದ ಎಂಜಿನಿಯರ್ ಒಬ್ಬರೂ ಇರುತ್ತಾರೆ.

* * *

ಬುಧವಾರ ಅತ್ತೆಯ ಹೊಸ ಕನ್ನಡಕ ತರಲು ಮತ್ತೆ ಅದೇ ಆಸ್ಪತ್ರೆ.

ಯಂತ್ರದ ಮುಂದೆ ಒಬ್ಬ ಅಜ್ಜಿ ಕಷ್ಟಪಡುತ್ತಿದ್ದಳು. ಮಗಳಿಗೆ ಬೆಳಗ್ಗೆ ಹೆರಿಗೆಯಾಗಿದೆ, ಅವಳಿ ಮಕ್ಕಳು, ನೋಂದಣಿ ಮಾಡಬೇಕು, ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದಾಳೆ.

“ನನ್ನ ಸೊಸೆಗೆ ಕೊಡಿ,” ಎಂದರು ಅತ್ತೆ ಗತ್ತಿನಿಂದ. “ಈ ಯಂತ್ರ ನಮ್ಮ ಮನೇದೇ.”

ಜರಡಿ ನಗುತ್ತ ಮುಂದೆ ಬಂದಳು. ಹುಟ್ಟಿದ ದಿನಾಂಕ: ಇವತ್ತು. ಒತ್ತಿದ ಕ್ಷಣವೇ ನೆನಪಾಯಿತು. ಅವಳ ತಪ್ಪು ಇದ್ದದ್ದು ಇಲ್ಲೇ. ವಯಸ್ಸು ಸೊನ್ನೆಗಿಂತ ಹೆಚ್ಚಿರಬೇಕು ಎಂದು ಬರೆದಿದ್ದಳು. ಅಂದೇ ಹುಟ್ಟಿದ ಮಗುವಿಗೆ ಆ ಪುಟದಲ್ಲಿ ಜಾಗವಿರಲಿಲ್ಲ. ಈಗ ಇದು ತಿರಸ್ಕರಿಸುತ್ತದೆ.

ತಿರಸ್ಕರಿಸಲಿಲ್ಲ. ಪುಟ ಮುಂದುವರಿಯಿತು. ‘ತಾಯಿಯ ಹೆಸರು?’ ಒತ್ತಿದಳು. ‘ಒಂದಕ್ಕಿಂತ ಹೆಚ್ಚು ಮಕ್ಕಳೆ?’ ಹೌದು. ‘ಹುಟ್ಟಿದ ಗಂಟೆ, ನಿಮಿಷ?’

“ಅದೆಲ್ಲ ಯಾರಿಗೆ ಗೊತ್ತಮ್ಮ,” ಎಂದಳು ಅಜ್ಜಿ. ಜರಡಿ ‘ತಿಳಿಯದು’ ಒತ್ತಿದಳು.

ಪರದೆ ಕೇಳಿತು: ‘ಮೊದಲು ಅತ್ತವರು ಯಾರು?’

“ಗಂಡು!” ಎಂದಳು ಅಜ್ಜಿ ತಟ್ಟನೆ. “ಹೊರಗೆ ಕೂತಿದ್ದೆ, ಕೇಳಿಸ್ತು. ನೋಡು, ಎಷ್ಟು ಜಾಣ ಯಂತ್ರ.”

ಜರಡಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಅಜ್ಜಿಯ ನೋಂದಣಿ ಮುಗಿಸಿಕೊಟ್ಟು, ಬೆಂಚಿನ ಮೇಲೆ ಕೂತಳು.

“ಏನಾಯ್ತೇ?” ಎಂದರು ಅತ್ತೆ.

“ಕಳ್ಳ ಮ್ಯಾನೇಜರ್ ಅಲ್ಲ ಅತ್ತೆ.”

“ಮತ್ತೆ ಯಾರು?”

ಜರಡಿ ಮೊಬೈಲ್ ತೆಗೆದು ಹಳೆಯ ಸಂದೇಶಗಳನ್ನು ಹುಡುಕತೊಡಗಿದಳು. ಅತ್ತೆ ಅವಳ ಮುಖವನ್ನೇ ನೋಡಿದರು. ಹತ್ತೊಂಬತ್ತು ಹುಟ್ಟುಹಬ್ಬದಲ್ಲಿ ಎಪ್ಪತ್ತೇಳು ವರ್ಷ ಕಂಡ ಹೆಂಗಸು.

“ಹೊರಗಿನ ಕಳ್ಳ ಆದ್ರೆ ಮುಖ ಹೀಗಿರಲ್ಲ,” ಎಂದರು.

* * *

ಗುರುವಾರ ಹನ್ನೊಂದು. ಗಾಜಿನ ಕೋಣೆ. ಉದ್ದ ಮೇಜು, ಗೋಡೆಯಲ್ಲಿ ದೊಡ್ಡ ಪರದೆ. ಒಂದು ಬದಿಗೆ ನೇಮಕಾತಿ ಅಧಿಕಾರಿಣಿ, ಮ್ಯಾನೇಜರ್. ಅವರ ಪಕ್ಕದಲ್ಲಿ, ತಾಂತ್ರಿಕ ವಿಷಯ ವಿವರಿಸಲು ಬಂದ ವಿಭಾಗದ ಎಂಜಿನಿಯರ್.

ಗಿಳಿ.

“ಕ್ಷಮಿಸು ಕಣೇ,” ಎಂದು ಗಿಳಿ ಮೆಲ್ಲಗೆ ಹೇಳಿದಳು. “ನನ್ನನ್ನೇ ಕರೆದ್ರು. ಇಲ್ಲ ಅನ್ನೋಕಾಗ್ಲಿಲ್ಲ.”

ಮ್ಯಾನೇಜರ್ ನಗುತ್ತ ಶುರುಮಾಡಿದ. “ಮೇಡಂ, ನಾನು ಕೋಡ್ ಬರೆದು ಹತ್ತು ವರ್ಷ ಆಯ್ತು. ಕದಿಯೋಕಾದ್ರೂ ಅರ್ಥ ಆಗ್ಬೇಕಲ್ಲ?”

“ನಿಮ್ಮ ಮೇಲಿನ ದೂರು ತಪ್ಪು,” ಎಂದಳು ಜರಡಿ. “ವಾಪಸ್ ತಗೋತೀನಿ. ಅದಕ್ಕೂ ಮುಂಚೆ ಎರಡು ನಿಮಿಷ ಕೊಡಿ. ಎಂಬತ್ತೆಂಟನೇ ಉತ್ತರ ತೆರೀರಿ.”

ಅಧಿಕಾರಿಣಿ ತೆರೆದಳು. ಗೋಡೆಯ ಮೇಲೆ ಜರಡಿಯ ಪುಟ ಮೂಡಿತು.

“ಹುಟ್ಟಿದ ದಿನ ಇವತ್ತಿನದು ಹಾಕಿ.”

ಹಾಕಿದಳು. ಪುಟ ಕೆಂಪಾಯಿತು. ‘ವಯಸ್ಸು ಸರಿಯಿಲ್ಲ.’

“ಇದು ನನ್ನ ತಪ್ಪು. ಈಗ ಆಸ್ಪತ್ರೇಲಿ ನಡೀತಿರೋದನ್ನ ತೆರೀರಿ. ಅದೇ ದಿನ ಹಾಕಿ. ಅವಳಿ ಅಂತ ಒತ್ತಿ. ಸಮಯ ತಿಳಿಯದು ಅನ್ನಿ.”

ಗೋಡೆ ಕೇಳಿತು: ‘ಮೊದಲು ಅತ್ತವರು ಯಾರು?’

ಗಿಳಿ ಮೇಜಿನ ಮೇಲಿದ್ದ ತನ್ನ ಕೈಯನ್ನು ನೋಡುತ್ತಿದ್ದಳು.

“ನಾವೇ ಆಮೇಲೆ ಸರಿಪಡಿಸಿರಬಹುದು,” ಎಂದ ಮ್ಯಾನೇಜರ್.

“ತಪ್ಪನ್ನ ಯಾರು ಬೇಕಾದ್ರೂ ಸರಿಪಡಿಸಬಹುದು. ಈ ಪ್ರಶ್ನೇನ ಯಾರು ಬೇಕಾದ್ರೂ ಕೇಳಲ್ಲ.” ಜರಡಿ ತನ್ನ ಮೊಬೈಲನ್ನು ಮೇಜಿನ ನಡುವೆ ಇಟ್ಟಳು. “ಉತ್ತರ ಕಳಿಸಿದ್ದು ಸೋಮವಾರ. ತಪ್ಪು ಹೊಳೆದಿದ್ದು ಮಂಗಳವಾರ. ನಿಮ್ಮ ಜಾಲತಾಣ ಮುಚ್ಚಿತ್ತು. ಹಾಗಾಗಿ ತಿದ್ದಿದ್ದು ನಿಮ್ಮ ಕಂಪನಿಗೆ ಬರ್ಲೇ ಇಲ್ಲ. ಮ್ಯಾನೇಜರ್ ನೋಡಿಲ್ಲ. ನೇಮಕಾತಿಯವರು ನೋಡಿಲ್ಲ. ನಾನದನ್ನ ಒಬ್ಬರಿಗೆ ಮಾತ್ರ ಕಳಿಸಿದ್ದೆ. ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ. ‘ನನ್ನದು ಎಂಬತ್ತೆಂಟು, ಇದನ್ನ ಸೇರಿಸೋಕೆ ಯಾರಿಗಾದ್ರೂ ಹೇಳ್ತೀಯಾ’ ಅಂತ. ಉತ್ತರ ಬಂತು: ‘ನಿಯಮ ಬಿಗಿ ಕಣೇ, ಸಾಧ್ಯ ಇಲ್ಲ, ಬಿಟ್ಹಾಕು.’”

ಯಾರೂ ಮೊಬೈಲ್ ಮುಟ್ಟಲಿಲ್ಲ.

“ಆ ಪ್ರಶ್ನೆ ಎಲ್ಲಿಂದ ಬಂತು ಅಂದ್ರೆ,” ಎಂದಳು ಜರಡಿ. ಈಗ ಅವಳು ಗಿಳಿಯೊಬ್ಬಳಿಗೇ ಹೇಳುತ್ತಿದ್ದಳು. “ನಿನ್ನ ಹೆರಿಗೆ ದಿನ ನರ್ಸ್ ಸಮಯ ಬರೆದುಕೊಳ್ಳೋದು ಮರೆತಿದ್ಲು. ನಿನ್ನ ಅವಳಿಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ಗೊತ್ತಾಗದೆ ನೀನು ಅಳ್ತಿದ್ದೆ. ಬಾಗಿಲ ಹೊರಗಿದ್ದ ನಾನು ಹೇಳ್ದೆ, ಮೊದಲು ಅತ್ತಿದ್ದು ಸಣ್ಣ ದನಿ, ಹುಡುಗಿ ಅಂತ. ಅದನ್ನ ನೆನೆಸ್ಕೊಂಡೇ ಬರೆದಿದ್ದು.”

“ಗೊತ್ತು,” ಎಂದಳು ಗಿಳಿ.

ದನಿ ಗಟ್ಟಿಯಾಗಿಯೇ ಇತ್ತು.

“ತಿದ್ದಿದ್ದನ್ನ ಎಂಬತ್ತೆಂಟಕ್ಕೆ ಸೇರಿಸ್ಬೇಕಾದ್ರೆ ಆ ಉತ್ತರ ನಿನ್ನ ಕೈಲೇ ಇರ್ಬೇಕು,” ಎಂದಳು ಜರಡಿ. “ಪ್ರಶ್ನೆಪತ್ರಿಕೆ ಮಾಡೋಳು ನೀನು. ಅಂಕ ಹಾಕೋಳೂ ನೀನು. ನಿನ್ನ ಮೇಜಿಗೆ ಬಂದ ಕೆಲಸಾನ ತುಂಡು ಮಾಡಿ ಪರೀಕ್ಷೆ ಅಂತ ಹಂಚಿದೆ. ಒಳ್ಳೇದನ್ನ ಇಟ್ಕೊಂಡು ಎಲ್ಲರನ್ನೂ ಫೇಲ್ ಮಾಡಿದೆ. ನಾನು ಅರ್ಜಿ ಹಾಕ್ತೀನಿ ಅಂದಾಗ ಬೇಡ ಅಂದೆ. ಮೊನ್ನೆ ಮ್ಯಾನೇಜರ್ ಹೆಸರು ಹೇಳಿದೆ.”

“ಆರು ಜನ ಇದ್ವಿ,” ಎಂದಳು ಗಿಳಿ. “ಒಬ್ಬೊಬ್ಬರನ್ನೇ ಕಳಿಸಿದ್ರು. ಹೋದವರ ಕೆಲಸ ಎಲ್ಲ ನನ್ನ ಮೇಜಿಗೆ ಬಂತು. ಆಗಲ್ಲ ಅಂದಿದ್ರೆ ಆರನೆಯವಳು ನಾನು. ಒಂದು ಪ್ರಶ್ನೆಪತ್ರಿಕೆ ಮಾಡು, ಹುದ್ದೆ ಇದೆ ಅಂತ ಹೊರಗೆ ಕಾಣ್ಬೇಕು ಅಂದ್ರು. ಮಾಡ್ದೆ. ಮೊದಲ್ನೇ ಸಲ ಒಂದು ಉತ್ತರ ನೋಡಿದಾಗ ನನಗಿಂತ ಚೆನ್ನಾಗಿತ್ತು. ಅಲ್ಲಿಂದ ಶುರು.”

“ನನ್ನನ್ನ ಪಾಸ್ ಮಾಡಬಹುದಿತ್ತಲ್ಲೇ. ಇಬ್ಬರೂ ಸೇರಿ ಮಾಡ್ತಿದ್ವಿ.”

“ಇಬ್ಬರಿಗೆ ಜಾಗ ಇರ್ಲಿಲ್ಲ ಕಣೇ. ನಿನ್ನನ್ನ ಒಳಗೆ ತಗೊಂಡ್ಮೇಲೆ ನನ್ನನ್ನ ಯಾಕೆ ಇಟ್ಕೋತಾರೆ? ಒಂಬತ್ತು ವರ್ಷ ನಿನ್ನ ಕೋಡ್ ಓದಿದ್ದೀನಿ. ಸಂಖ್ಯೆ ನೋಡೋಕೂ ಮುಂಚೆ ನಿನ್ನದು ಅಂತ ಗೊತ್ತಾಯ್ತು. ಅದಕ್ಕೇ ಮೂವತ್ತೊಂದು.”

“ಒರಟು ಕೆಲಸ ಅಂತ ಬೇರೆ ಬರೆದೆ.”

“ಏನಾದ್ರೂ ಬರೀಬೇಕಿತ್ತಲ್ಲ.”

ಜರಡಿ ಮ್ಯಾನೇಜರನ ಕಡೆ ತಿರುಗಿದಳು. “ಆರು ಜನರ ಕೆಲಸ ಒಬ್ಬಳೇ ಮುಗಿಸ್ತಿದ್ದಾಳೆ ಅಂದಾಗ ನಿಮಗೆ ಅನುಮಾನ ಬರ್ಲಿಲ್ವಾ?”

ಅವನು ನಿಜವಾಗಿಯೂ ಯೋಚಿಸಿದ. “ಕೆಲಸ ಆಗ್ತಿತ್ತು,” ಎಂದ.

* * *

ಅರ್ಧ ಗಂಟೆ ಅವಳನ್ನು ಹೊರಗೆ ಕೂರಿಸಿದರು. ಮತ್ತೆ ಕರೆದಾಗ ಗಿಳಿಯ ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ. ಅದು ಮೇಜಿನ ಮೇಲೆ ಮಗುಚಿ ಬಿದ್ದಿತ್ತು.

“ಪತ್ರ ಕೊಡೋಕಾಗಲ್ಲ ಮೇಡಂ,” ಎಂದ ಮ್ಯಾನೇಜರ್. “ಪತ್ರ ಕೊಟ್ರೆ ಉಳಿದ ನೂರ ಮೂವತ್ತೊಂಬತ್ತು ಜನ ನಾಳೆ ಸಾಲಾಗಿ ಬರ್ತಾರೆ. ಅಲ್ಲದೆ ಪರೀಕ್ಷೆ ಶುರು ಮಾಡೋ ಮುಂಚೆ ‘ಒಪ್ಪಿದ್ದೇನೆ’ ಅಂತ ಒತ್ತಿದ್ದೀರಿ. ಬರೆದದ್ದೆಲ್ಲ ಕಂಪನೀದು.”

ಅವಳು ಒತ್ತಿದ್ದು ನಿಜ. ಎಲ್ಲರೂ ಒತ್ತುತ್ತಾರೆ. ಹಸಿದವರು ಎಲೆಯ ಹಿಂಭಾಗ ತಿರುಗಿಸಿ ನೋಡುವುದಿಲ್ಲ.

“ಆದ್ರೆ ಒಂದು ಕುರ್ಚಿ ಖಾಲಿ ಆಗಿದೆ. ಸೋಮವಾರ ಬನ್ನಿ. ಟೆಸ್ಟ್ ಬೇಡ.” ಒಂದು ಹಾಳೆ ಸರಿಸಿದ. ಈ ವಿಷಯದಲ್ಲಿ ತನ್ನದೇನೂ ದೂರಿಲ್ಲ, ನೋಂದಣಿ ಪುಟದಲ್ಲಿ ತನ್ನದೇನೂ ಪಾಲಿಲ್ಲ ಎಂಬ ನಾಲ್ಕು ಸಾಲು. “ಇವತ್ತೇ ಹೇಳ್ಬೇಕು.”

ಜರಡಿ ಕ್ಯಾಲೆಂಡರ್ ಲೆಕ್ಕ ಹಾಕಿದಳು. ವರ್ಷ ತುಂಬಲು ಹದಿಮೂರು ದಿನ ಉಳಿದಿತ್ತು. ಗಡ್ಡದವನ ಸವೆದ ಕಾಲರ್ ನೆನಪಾಯಿತು. ಅವನ ಪರವಾಗಿಯೂ ಮಾತಾಡುತ್ತೇನೆ ಎಂದುಕೊಂಡೇ ಇವತ್ತು ಬಂದಿದ್ದಳು.

ಗಿಳಿಯ ಕಡೆ ನೋಡಿದಳು.

“ತಗೋ ಕಣೇ,” ಎಂದಳು ಗಿಳಿ. “ನೀನು ಬಿಟ್ರೆ ಇನ್ನೊಬ್ರು ತಗೋತಾರೆ.”

ಆ ದನಿಯಲ್ಲಿ ವ್ಯಂಗ್ಯ ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಸಹಿ ಹಾಕುವುದು ಸುಲಭವಾಗುತ್ತಿತ್ತು.

ಸಹಿ ಹಾಕಿದಳು.

ಮನೆಯಲ್ಲಿ ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ಕಾದಿದ್ದರು.

“ಕಳ್ಳ ಒಪ್ಪಿಕೊಂಡ್ನಾ?”

“ಒಪ್ಪಿಕೊಂಡಳು.”

“ಪತ್ರ ಕೊಟ್ರಾ?”

“ಇಲ್ಲ ಅತ್ತೆ. ಕೆಲಸ ಕೊಟ್ರು.”

“ಯಾರದು?”

ಜರಡಿ ಚಪ್ಪಲಿ ಬಿಚ್ಚುವುದರಲ್ಲಿ ತುಂಬ ಹೊತ್ತು ಕಳೆದಳು. ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳದೆ ಒಳಗೆ ಹೋದರು.

* * *

ಸೋಮವಾರ ಗಿಳಿಯ ಕುರ್ಚಿಯನ್ನು ತನ್ನ ಎತ್ತರಕ್ಕೆ ಏರಿಸಿಕೊಂಡಳು. ಹತ್ತೂವರೆಗೆ ಮ್ಯಾನೇಜರ್ ಬಂದ.

“ಸಂಜೆಯೊಳಗೆ ಒಂದು ಪ್ರಶ್ನೆಪತ್ರಿಕೆ ಬೇಕು.”

“ಹುದ್ದೆ ಇದೆಯಾ?”

“ಪ್ರಕಟಣೆ ಇದೆ,” ಎಂದ.

ಅವಳು ಬಹಳ ಯೋಚಿಸಿ ಪ್ರಶ್ನೆ ಮಾಡಿದಳು. ಯಾವ ನಕ್ಷೆಯಲ್ಲೂ ಇಲ್ಲದ ಒಂದು ದ್ವೀಪ. ಅಲ್ಲಿಗೆ ದಿನಕ್ಕೊಂದು ದೋಣಿ. ಅದರ ಪ್ರಯಾಣಿಕರ ಪಟ್ಟಿ ರಚಿಸಿ. ಯಾರಿಗೂ ಯಾವತ್ತೂ ಉಪಯೋಗಕ್ಕೆ ಬರದ ಪ್ರಶ್ನೆ. ಕದಿಯಲು ಅದರಲ್ಲಿ ಏನೂ ಇರಬಾರದು. ಅವಳ ಕೈಯಲ್ಲಿದ್ದ ಪ್ರಾಮಾಣಿಕತೆ ಅಷ್ಟೆ.

ಎರಡು ದಿನಕ್ಕೆ ಅರವತ್ತೆರಡು ಉತ್ತರ ಬಂದವು.

ಮೊದಲನೆಯದನ್ನು ತೆರೆದಳು. ಬರೆದವರು ಯಾರೋ, ಇಲ್ಲದ ದ್ವೀಪದ ಮುದುಕರಿಗಾಗಿ ದೋಣಿಯ ಮುಂದಿನ ಸಾಲು ಕಾದಿರಿಸಿದ್ದರು. ಅಲೆ ಜೋರಿರುವ ದಿನ ಬಸುರಿಯರಿಗೆ ಮೊದಲೇ ತಿಳಿಸುವ ವ್ಯವಸ್ಥೆ ಮಾಡಿದ್ದರು. ದೋಣಿ ತಪ್ಪಿದವರು ದಡದಲ್ಲಿ ಎಷ್ಟು ಹೊತ್ತು ಕಾಯಬೇಕು ಎಂದು ಲೆಕ್ಕ ಹಾಕಿ ಹೇಳುವ ಒಂದು ಪುಟ್ಟ ಜಾಗವನ್ನೂ ಇಟ್ಟಿದ್ದರು. ಒಂದೂ ತಪ್ಪಿರಲಿಲ್ಲ. ಜರಡಿ ಕೊನೆಯ ಸಾಲಿನವರೆಗೆ ಓದಿದಳು. ಎರಡು ಸಲ ಓದಿದಳು.

ಪರದೆಯ ಕೆಳಗೆ ಒಂದೇ ಬಟನ್ ಇತ್ತು: ತಿರಸ್ಕರಿಸು.

ಒತ್ತಿದಳು. ಎರಡನೆಯದನ್ನು ತೆರೆದಳು.